ಮೊದಲನೆಯ ಚೊಂಬಿಗೆ ಯಾರು ಹೊಣೆ?

1998ರಲ್ಲಿ ನಾನು ಮೈಸೂರಿನಲ್ಲಿ ಕಾರ್ಮಿಕ ಕಾನೂನಿನ ವಕೀಲೆಯಾಗಿದ್ದೆ. ಜಯಲಕ್ಷ್ಮಿಪುರಂನ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಕಚೇರಿ. ಕೋರ್ಟಿನ ಕೆಲಸದ ಜೊತೆಗೆ ಕಾರ್ಖಾನೆಗಳಲ್ಲಿ ಡೊಮೆಸ್ಟಿಕ್ ಎನ್‌ಕ್ವೈರಿ, ಅಂದರೆ ಆಂತರಿಕ ವಿಚಾರಣೆ ನಡೆಸಿಕೊಡುತ್ತಿದ್ದೆ. ನೌಕರನೊಬ್ಬ ದುರ್ನಡತೆ ಮಾಡಿದನೆಂದು ಆಡಳಿತದವರಿಗೆ ಅನಿಸಿದರೆ ಅವನನ್ನು ಆ ಕ್ಷಣವೇ ಮನೆಗೆ ಕಳಿಸುವಂತಿಲ್ಲ. ಚಾರ್ಜ್‌ಶೀಟ್ ಕೊಡಬೇಕು, ಸಾಕ್ಷಿಗಳನ್ನು ಅವನೆದುರೇ ವಿಚಾರಿಸಬೇಕು, ಅವನ ಮಾತನ್ನೂ ಕೇಳಬೇಕು. ಇಷ್ಟೂ ನಡೆಯುವುದು ಎನ್‌ಕ್ವೈರಿ ಆಫೀಸರ್ ಮುಂದೆ. ಆಪಾದನೆ ರುಜುವಾತಾಯಿತೇ ಇಲ್ಲವೇ ಎಂದು ವರದಿ ಬರೆಯುವುದು ಆ ಅಧಿಕಾರಿಯ ಕೆಲಸ. ಶಿಕ್ಷೆ ಕೊಡುವುದು ಬಿಡುವುದು ಆಡಳಿತಕ್ಕೆ ಸೇರಿದ್ದು. ಆದರೆ ಎನ್‌ಕ್ವೈರಿ ಆಫೀಸರನ್ನು ನೇಮಿಸುವವರೂ ಫೀಸು ಕೊಡುವವರೂ ಆಡಳಿತದವರೇ. ಹೆಚ್ಚಿನ ವರದಿಗಳು ಯಾವ ಕಡೆ ವಾಲುತ್ತಿದ್ದವು ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ನನಗೆ ವಾಲುವ ಅಭ್ಯಾಸವಿರಲಿಲ್ಲ. ಆದರೂ ಕರೆಯುತ್ತಿದ್ದರು, ಏಕೆಂದರೆ ನನ್ನ ವರದಿ ಮುಂದೆ ಲೇಬರ್ ಕೋರ್ಟಿನಲ್ಲಿ ಬಿದ್ದುಹೋಗುತ್ತಿರಲಿಲ್ಲ. ಇದನ್ನು ಜಂಬವೆಂದುಕೊಂಡರೂ ಅಡ್ಡಿಯಿಲ್ಲ. ಈಗ ಹೇಳಹೊರಟಿರುವ ಪ್ರಕರಣದ ಬಗ್ಗೆ ನನಗೆ ಇನ್ನೂ ಸ್ವಲ್ಪ ಜಂಬ ಇದ್ದೇ ಇದೆ.

ಆ ವರ್ಷ ಚಳಿಗಾಲದಲ್ಲಿ ಮೇಟಗಳ್ಳಿಯ ಒಂದು ಕಾರ್ಖಾನೆಯಿಂದ ಕರೆ ಬಂತು. ಅಲ್ಲಿ ಎಲೆಕ್ಟ್ರಿಕ್ ಮೋಟರುಗಳಿಗೆ ಬೇಕಾದ ಕಾರ್ಬನ್ ಬ್ರಷ್ ತಯಾರಿಸುತ್ತಿದ್ದರು. ಹೆಸರು ಬ್ರಷ್ ಆದರೂ ಅದು ಬೆರಳುದ್ದದ ಕಪ್ಪು ತುಂಡು. ಗ್ರಾಫೈಟ್ ಪುಡಿಯನ್ನು ಅಚ್ಚಿಗೆ ತುಂಬಿ, ಒತ್ತಿ, ಸುಟ್ಟು ಮಾಡುತ್ತಾರೆ. ಪುಡಿ ವಿಭಾಗದಲ್ಲಿ ಪಾಳಿ ಮುಗಿಸಿ ಬಂದವರಿಗೆ ಕಣ್ಣು, ಹಲ್ಲು ಬಿಟ್ಟರೆ ಮೈಯೆಲ್ಲ ಕಪ್ಪು. ಹಾಗಾಗಿ ಮಿಂದೇ ಮನೆಗೆ ಹೋಗಬೇಕೆಂಬುದು ಅಲ್ಲಿಯ ಕಟ್ಟುನಿಟ್ಟು. ಬಚ್ಚಲಮನೆಯಲ್ಲಿ ಬಾಯ್ಲರಿನಿಂದ ನೇರವಾಗಿ ನೀರು ಬಂದು ಬೀಳುವ ಸಿಮೆಂಟ್ ತೊಟ್ಟಿ. ತಣ್ಣೀರಿಗೆ ಬೇರೆ ನಲ್ಲಿ ಇರಲಿಲ್ಲ. ಗ್ರಾಫೈಟ್ ಜಿಡ್ಡು ಹೋಗಬೇಕಾದರೆ ಸುಡುಸುಡು ನೀರೇ ಬೇಕು ಎಂದು ಎಲ್ಲರೂ ನಂಬಿದ್ದರು. ಮಿಂದು ಬಂದವರನ್ನು ಫೋರ್‌ಮನ್ ರಾಜಶೇಖರಯ್ಯನವರು ಬಾಗಿಲಲ್ಲಿ ನಿಲ್ಲಿಸಿ, ಕಿವಿಯ ಹಿಂದೆ ಬಿಳಿ ಬಟ್ಟೆಯಿಂದ ಒರೆಸಿ ನೋಡುತ್ತಿದ್ದರು. ಬಟ್ಟೆ ಕಪ್ಪಾದರೆ ಮತ್ತೆ ಬಚ್ಚಲಿಗೆ. ಅತ್ತೆ ಮನೆಯಲ್ಲೂ ಇಷ್ಟು ತಪಾಸಣೆ ಇಲ್ಲವೆಂದು ಕೆಲಸಗಾರರು ನಗುತ್ತಿದ್ದರಂತೆ.

ಆಪಾದಿತ ನೌಕರ ಚಿಕ್ಕೇಗೌಡ. ಕೆ.ಆರ್.ಎಸ್. ರಸ್ತೆಯ ಕಡೆಯ ಹಳ್ಳಿಯ ಒಕ್ಕಲು ಮನೆತನದವರು, ಮೇಟಗಳ್ಳಿಯಲ್ಲೇ ಬಾಡಿಗೆಗೆ ಇದ್ದರು. ಹದಿನಾಲ್ಕು ವರ್ಷದ ಸರ್ವಿಸ್‌ನಲ್ಲಿ ಒಂದು ಎಚ್ಚರಿಕೆ ಪತ್ರವೂ ಇರಲಿಲ್ಲ. ಆಪಾದನೆ ಮಾತ್ರ ಗಟ್ಟಿಯಾಗಿತ್ತು. ತಂಗಿಯ ಮದುವೆಗೆ ಕೇಳಿದಷ್ಟು ರಜೆ ಕೊಡಲಿಲ್ಲವೆಂಬ ಸಿಟ್ಟಿಗೆ ಬಚ್ಚಲಮನೆಯಲ್ಲಿ ಫೋರ್‌ಮನ್‌ರನ್ನು ಅಟ್ಟಿಸಿಕೊಂಡು ಹೋಗಿ ಹಿತ್ತಾಳೆ ಚೊಂಬಿನಿಂದ ಹೊಡೆದರು ಎಂದು. ಫೋರ್‌ಮನ್‌ರ ಹುಬ್ಬಿಗೆ ಮೂರು ಹೊಲಿಗೆ ಬಿದ್ದಿತ್ತು. ಅಂದಿನಿಂದ ಚಿಕ್ಕೇಗೌಡರು ಸಸ್ಪೆನ್ಷನ್‌ನಲ್ಲಿದ್ದರು. ಮೇಲಧಿಕಾರಿಯ ಮೇಲೆ ಕೈ ಮಾಡಿದರೆ ಕೆಲಸ ಹೋಯಿತೆಂದೇ ಲೆಕ್ಕ.

ಮೊದಲ ದಿನ ಕ್ಯಾಂಟೀನಿನ ಮೇಲಿನ ಕೋಣೆಯಲ್ಲಿ ಕುಳಿತೆವು. ಕೆಳಗಿನಿಂದ ಸಾರಿನ ಒಗ್ಗರಣೆ ವಾಸನೆ ಬರುತ್ತಿತ್ತು. ಆಡಳಿತದ ಪರವಾಗಿ ಪರ್ಸನಲ್ ಮ್ಯಾನೇಜರ್ ಸುಧೀಂದ್ರ ರಾವ್. ಬುದ್ಧಿವಂತರು, ಮಾತಿನಲ್ಲಿ ಸೋಲುವವರಲ್ಲ. ಚಿಕ್ಕೇಗೌಡರು ಎರಡೂ ಕೈಗಳನ್ನು ಕಂಕುಳಲ್ಲಿ ಒತ್ತಿ ಹಿಡಿದುಕೊಂಡು ಕುಳಿತಿದ್ದರು. ಚಳಿಯಿರಬೇಕೆಂದುಕೊಂಡೆ. ಸಹಾಯಕ್ಕೆ ಸಹೋದ್ಯೋಗಿಯೊಬ್ಬರನ್ನು ಕರೆದುಕೊಳ್ಳುವ ಹಕ್ಕು ನಿಮಗಿದೆ ಎಂದರೆ, ಯಾರೂ ಬೇಡವೆಂದರು.

"ಆಪಾದನೆ ಒಪ್ಪಿಕೊಳ್ತೀರಾ?"

"ಒಪ್ಕತೀನಿ ಅಮ್ಮಾವ್ರೆ."

"ಹೊಡೆದದ್ದು ನಿಜವಾ?"

"ಫೋರ್‌ಮನ್ನವ್ರು ಸುಳ್ಳೇಳೋರಲ್ಲ. ಒಡ್ದ ಅಂದ್ರೆ ಒಡ್ದೇ ಇರ್ತೀನಿ. ನಂಗೆ ಮಾತ್ರ ಒಂದೂ ಗ್ಯಾನ ಇಲ್ಲ."

ರಾವ್ ಫೈಲು ಮುಚ್ಚಿದರು. "ಒಪ್ಕೊಂಡಾಯ್ತಲ್ಲ ಮೇಡಂ. ಒಂದೇ ಸಿಟ್ಟಿಂಗ್‌ನಲ್ಲಿ ಮುಗಿಸಿಬಿಡೋಣ."

"ತನಗೆ ನೆನಪೇ ಇಲ್ಲದ್ದನ್ನ ಒಪ್ಪಿಕೊಂಡರೆ ಅದು ತಪ್ಪೊಪ್ಪಿಗೆ ಆಗಲ್ಲ ರಾವ್ ಅವರೇ, ಮರ್ಯಾದೆ ಆಗುತ್ತೆ ಅಷ್ಟೆ. ಸಾಕ್ಷಿ ಕರೀರಿ" ಎಂದೆ. ಅವರಿಗೆ ರುಚಿಸಲಿಲ್ಲ. ಫೀಸು ಕೊಡುವವರಿಗೆ ರುಚಿಸದ ಮಾತು ಆಡಿದಾಗ ನನಗೆ ಒಳಗೊಳಗೇ ಒಂದು ಹುರುಪು ಬರುತ್ತಿತ್ತು.

ಎದ್ದು ಹೋಗುವಾಗ ಚಿಕ್ಕೇಗೌಡರು ಬಾಗಿಲಲ್ಲಿ ನಿಂತರು. "ಅಮ್ಮಾವ್ರೆ, ನೀವು ಓದ್ದೋರು. ಒಂದು ಕೇಳ್ತೀನಿ. ನಂಗೊತ್ತಿಲ್ದಂಗೆ ನನ್ನ ಕೈ ಒಡ್ದ್ರೆ, ಅದು ನಾ ಒಡ್ದಂಗಾ?"

ಎನ್‌ಕ್ವೈರಿ ಆಫೀಸರ್ ಇಂಥದಕ್ಕೆ ಉತ್ತರ ಕೊಡಬಾರದು. ನಾನು ಫೈಲು ಎತ್ತಿಕೊಂಡು ಅವರ ಹಿಂದೆಯೇ ಇಳಿದೆ. ಕೆಳಗೆ ಅವರ ಹೆಂಡತಿ ಸಾಕಮ್ಮ ಎರಡು ವರ್ಷದ ಮಗಳನ್ನು ಎತ್ತಿಕೊಂಡು ಕಾಯುತ್ತಿದ್ದರು. ಮಗು ಅಪ್ಪನ ಕಡೆಗೆ ತೋಳು ಚಾಚಿತು. ಅಪ್ಪ ಹಿಂದಕ್ಕೆ ಸರಿದು ಕೈಗಳನ್ನು ಮತ್ತೆ ಕಂಕುಳಿಗೆ ಸೇರಿಸಿಕೊಂಡರು. ಅದು ಚಳಿಯಲ್ಲ ಎಂದು ಆಗ ತಿಳಿಯಿತು. ಆ ಮನುಷ್ಯ ತನ್ನ ಕೈಗಳಿಗೇ ಹೆದರುತ್ತಿದ್ದ.

ಎರಡನೆಯ ಸಿಟ್ಟಿಂಗ್‌ನಲ್ಲಿ ರಾವ್ ಒಂದು ವೈದ್ಯಕೀಯ ವರದಿ ಹಾಜರುಪಡಿಸಿದರು. ಘಟನೆಯ ದಿನ ಚಿಕ್ಕೇಗೌಡರು ಕುಡಿದಿರಲಿಲ್ಲ. ಆಮೇಲೆ ತೆಗೆಸಿದ ಇ.ಇ.ಜಿ. ಕೂಡ ನಾರ್ಮಲ್. ಇ.ಇ.ಜಿ. ಎಂದರೆ ತಲೆಗೆ ತಂತಿ ಅಂಟಿಸಿ ಮಿದುಳಿನ ವಿದ್ಯುತ್ ಅಲೆಗಳನ್ನು ಕಾಗದದ ಮೇಲೆ ದಾಖಲಿಸುವ ಪರೀಕ್ಷೆ. "ಅಮಲೂ ಇಲ್ಲ, ಕಾಯಿಲೆಯೂ ಇಲ್ಲ. ಉಳಿಯೋದು ಉದ್ದೇಶ ಒಂದೇ" ಎಂದರು ರಾವ್. ವಾದ ಚೊಕ್ಕವಾಗಿತ್ತು.

ಆಮೇಲೆ ರಾಜಶೇಖರಯ್ಯನವರು ಸಾಕ್ಷಿ ಹೇಳಿದರು. ವಿಭೂತಿ ಹಚ್ಚಿದ ಹಣೆಯ ಕೆಳಗೆ ಹುಬ್ಬಿನ ಗಾಯ ಇನ್ನೂ ಕೆಂಪಗಿತ್ತು. ಬಚ್ಚಲಿಗೆ ಹೋದೆ, ಹೊಡೆದ, ಬಿದ್ದೆ ಎಂದಷ್ಟೇ ಹೇಳಿ ಮುಗಿಸಿದರು. ಸಾಕ್ಷಿಯ ಮಾತು ಸ್ಪಷ್ಟವಾಗದಿದ್ದರೆ ಪ್ರಶ್ನೆ ಕೇಳುವ ಅಧಿಕಾರ ನನಗಿತ್ತು.

"ನೀವು ಬಚ್ಚಲಿಗೆ ಯಾಕೆ ಹೋದಿರಿ?"

"ಎಷ್ಟು ಹೊತ್ತಾದರೂ ಆಸಾಮಿ ಬರಲಿಲ್ಲ ಮೇಡಂ. ಹೋಗಿ ನೋಡಿದರೆ ಮೈಮೇಲೆ ಸೋಪಿನ ನೊರೆ ಕೂಡ ಇಲ್ಲ, ತಲೆ ಮೇಲೆ ಚೊಂಬಿನ ಮೇಲೆ ಚೊಂಬು ಸುರ್ಕೋತಾನೇ ಇದ್ದ. ನೀರು ಹಬೆಯಾಡ್ತಿತ್ತು. ಕೂಗಿದೆ, ತಿರುಗಲಿಲ್ಲ. ಸಾಕು ಬಾರಯ್ಯ ಅಂತ ಮುಂಗೈ ಹಿಡಿದೆ. ಆಗ ಬೀಸಿದ."

"ಅಟ್ಟಿಸಿಕೊಂಡು ಬಂದರು ಅಂತ ಚಾರ್ಜ್‌ಶೀಟ್‌ನಲ್ಲಿದೆ?"

"ಅದು ಆಫೀಸಿನವರು ಬರೆದಿದ್ದು. ಅವನು ನಿಂತ ಜಾಗ ಬಿಟ್ಟು ಕದಲಲಿಲ್ಲ." ಅವರೇ ಸೇರಿಸಿದರು: "ಹದಿನಾಲ್ಕು ವರ್ಷದಿಂದ ನೋಡ್ತಿದೀನಿ ಮೇಡಂ. ಏಟು ಬಿದ್ದಿದ್ದಕ್ಕಿಂತ ಅವನ ಕಣ್ಣು ನೋಡಿ ಹೆದರಿಕೆ ಆಯ್ತು. ಆ ಕಣ್ಣಲ್ಲಿ ನನ್ನ ಗುರುತೇ ಇರಲಿಲ್ಲ."

ನಾನು ಬರೆದುಕೊಳ್ಳುತ್ತಿದ್ದ ಪೆನ್ನು ನಿಂತಿತು. ಆ ಕಣ್ಣನ್ನು ನಾನು ನೋಡಿದ್ದೆ, ಅದೂ ನಮ್ಮ ಮನೆಯಲ್ಲೇ.

ನಾವು ಮಠದ ಒಕ್ಕಲಿನವರು. ನಮ್ಮ ಸೋದರತ್ತೆಗೆ ಸೋಮವಾರ ತಲೆಗೆ ನೀರು ಹಾಕುವ ಪದ್ಧತಿಯಿತ್ತು. ಹಂಡೆಯ ಸುಡುನೀರನ್ನು ಅಜ್ಜಿ ತಲೆಯ ಮೇಲೆ ಹುಯ್ಯುತ್ತಿದ್ದರೆ ಅತ್ತೆ "ಇನ್ನೂ, ಇನ್ನೂ" ಎನ್ನುತ್ತಿದ್ದಳು. ಆಮೇಲೆ ಮಾತು ನಿಂತು ಕಣ್ಣು ಎಲ್ಲೋ ನೆಟ್ಟು, ತುಟಿ ಮಾತ್ರ ಮಿಡುಕುತ್ತಿತ್ತು. ಅಜ್ಜಿ ಚೊಂಬು ಕೆಳಗಿಟ್ಟು, "ಶಿವ ಬಂದ, ಯಾರೂ ಮುಟ್ಟಬೇಡಿ" ಎಂದು ಕೈ ಮುಗಿಯುತ್ತಿದ್ದಳು. ನಾವು ಮಕ್ಕಳೂ ಬಚ್ಚಲ ಬಾಗಿಲಲ್ಲಿ ಸಾಲಾಗಿ ನಿಂತು ಕೈ ಮುಗಿಯುತ್ತಿದ್ದೆವು. ಸ್ವಲ್ಪ ಹೊತ್ತಿಗೆ ಅತ್ತೆ ಎಚ್ಚೆತ್ತು, "ಯಾಕ್ರೇ ಹಿಂಗೆ ನಿಂತಿದೀರಾ?" ಎಂದು ಗದರುತ್ತಿದ್ದಳು. ಅದೇ ಸುಡುನೀರು, ಅದೇ ನೋಟ. ನಮ್ಮ ಮನೆಯಲ್ಲಿ ಅದಕ್ಕೆ ಕೈ ಮುಗಿದರು, ಕಾರ್ಖಾನೆಯಲ್ಲಿ ಚಾರ್ಜ್‌ಶೀಟ್ ಕೊಟ್ಟರು. ನಾವು ಯಾರೂ ಮುಟ್ಟದ ಕಾರಣ ನಮ್ಮ ಅತ್ತೆಯಿಂದ ಯಾರಿಗೂ ಏಟು ಬೀಳಲಿಲ್ಲವೇನೋ ಎಂದು ಅವತ್ತು ಮೊದಲ ಸಲ ಹೊಳೆಯಿತು.

ಆದರೆ ನನಗೆ ಹೊಳೆದದ್ದು ಸಾಕ್ಷ್ಯವಾಗುವುದಿಲ್ಲ. ನಾನೇ ವಾದಿಸುವಂತೆಯೂ ಇಲ್ಲ. ಮನೆಯಲ್ಲಿ ಇವರ ವರ್ತನೆ ಹೇಗಿರುತ್ತದೆಂದು ತಿಳಿಯಲು ಸಾಕಮ್ಮನವರನ್ನು ಕರೆಸಿ ಕೇಳಬಹುದೇ ಎಂದು ಎರಡೂ ಕಡೆಯವರನ್ನು ಕೇಳಿದೆ. ಯಾರೂ ಆಕ್ಷೇಪಿಸಲಿಲ್ಲ.

ಸಾಕಮ್ಮ ಸೆರಗು ಹೊದ್ದು ಕುರ್ಚಿಯ ತುದಿಯಲ್ಲಿ ಕುಳಿತರು. "ಇವ್ರು ಒಳ್ಳೇವ್ರು ಕಣವ್ವ. ಒಂದಿನ ನನ್ನ ಮ್ಯಾಲೆ ಕೈ ಎತ್ದೋರಲ್ಲ. ಮೈಯಾಗೆ ಉಷ್ಣ ಜಾಸ್ತಿ, ಅಷ್ಟೆಯ. ಯಾವಾಗ್ಲಾರ ಒಂದ್ಕಿತ ಮಂಕು ಬಡ್ದಂಗೆ ಕುಂತ್ಕಬುಡ್ತರೆ. ಉಷ್ಣ ನೆತ್ತಿಗೇರ್ತದೆ ಅಂತ ನಮ್ಮತ್ತೆ ಏಳ್ತಿದ್ರು."

"ಅದಕ್ಕೇನು ಮಾಡ್ತೀರಿ?"

"ಉಷ್ಣ ಇಳೀಲಿ ಅಂತ ಹರಳೆಣ್ಣೆ ತಿಕ್ಕಿ, ನೆತ್ತಿಗೆ ಬಿಸಿಬಿಸಿ ನೀರು ಉಯ್ತೀನಿ. ಮೊದ್ಲು ವಾರಕ್ಕೊಂದ್ಸಲ. ಈ ಗಲಾಟೆ ಆದ್ಮ್ಯಾಕೆ ವಾರಕ್ಕೆರಡ್ಸಲ. ಆದ್ರೂ ಯಾಕೋ ಮಂಕು ಇನ್ನೂ ಜಾಸ್ತಿ ಆಗೈತೆ ಕಣವ್ವ."

ನನ್ನ ಊಹೆ ನಿಜವಾದರೆ, ಕಾಯಿಲೆಗೆ ಕಾರಣವಾದದ್ದನ್ನೇ ಸಾಕಮ್ಮ ಔಷಧಿಯೆಂದು, ಪ್ರೀತಿಯಿಂದ, ಚೊಂಬು ಚೊಂಬಾಗಿ ತಲೆಗೆ ಹುಯ್ಯುತ್ತಿದ್ದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮೈಸೂರು ಸೀಮೆಯ ಯಾವ ಹೆಂಗಸಾದರೂ ಮಾಡುತ್ತಿದ್ದದ್ದು ಅದನ್ನೇ. ನಮ್ಮ ಅಜ್ಜಿಯಂತೂ ಖಂಡಿತ ಮಾಡುತ್ತಿದ್ದಳು. ತಜ್ಞರ ಅಭಿಪ್ರಾಯ ಪಡೆಯೋಣವೇ ಎಂದು ಕೇಳಿದೆ. ರಾವ್ ತಕ್ಷಣ ಒಪ್ಪಿದರು. "ಒಂದು ಸಲ ನಾರ್ಮಲ್ ಬಂದಿದೆ. ಇನ್ನೊಂದು ಸಲವೂ ಬರಲಿ, ಗಟ್ಟಿಯಾಗುತ್ತೆ" ಎಂಬುದು ಅವರ ಲೆಕ್ಕ.

ನಗರದ ಖಾಸಗಿ ಆಸ್ಪತ್ರೆಯೊಂದರಲ್ಲಿ ನರರೋಗ ತಜ್ಞೆ ಡಾ. ಸುಮಿತ್ರಾ ಇದ್ದರು. ನಾನು ವಿಷಯ ಅರ್ಧ ಹೇಳುವುದರೊಳಗೆ ಅವರು ತಲೆಯಾಡಿಸಿದರು. ಬಿಸಿನೀರು ತಲೆಯ ಮೇಲೆ ಬಿದ್ದಾಗ ಕೆಲವರ ಮಿದುಳಿನ ಒಂದು ಭಾಗದಲ್ಲಿ ವಿದ್ಯುತ್ ಸಂಕೇತಗಳು ಅಳತೆ ಮೀರುತ್ತವೆ. ಅದಕ್ಕೆ ಹಾಟ್ ವಾಟರ್ ಎಪಿಲೆಪ್ಸಿ, ಬಿಸಿನೀರಿನ ಮೂರ್ಛೆ ಎನ್ನುತ್ತಾರೆ. ತಲೆಗೆ ನೇರವಾಗಿ ಬಿಸಿನೀರು ಹುಯ್ದುಕೊಳ್ಳುವ ನಮ್ಮ ಸೀಮೆಯಲ್ಲಿ ಇದು ಅಪರೂಪವೇನಲ್ಲ ಎಂದರು.

"ಮೂರ್ಛೆ ಅಂದರೆ ಬಿದ್ದು ಒದ್ದಾಡೋದು ಅಂತ ಜನ ತಿಳ್ಕೊಂಡಿದಾರೆ. ಇದರಲ್ಲಿ ಮನುಷ್ಯ ನಿಂತೇ ಇರ್ತಾನೆ, ಕಣ್ಣು ಬಿಟ್ಟೇ ಇರುತ್ತೆ, ಕೈ ಮಾಡ್ತಿದ್ದ ಕೆಲಸ ಮಾಡ್ತಾನೇ ಇರುತ್ತೆ. ಅವನು ಮಾತ್ರ ಅಲ್ಲಿರಲ್ಲ. ಹುಡುಕಿಕೊಂಡು ಹೋಗಿ ಯಾರನ್ನೂ ಹೊಡೆಯಲ್ಲ. ಹಿಡಿದುಕೊಂಡರೆ ಬಿಡಿಸಿಕೊಳ್ಳೋಕೆ ಕೈ ಬೀಸಬಹುದು. ಅಟ್ಯಾಕ್ ಇಲ್ಲದ ಹೊತ್ತಿನಲ್ಲಿ ಇ.ಇ.ಜಿ. ತೆಗೆದರೆ ನಾರ್ಮಲ್ ಬರೋದೇ ಹೆಚ್ಚು."

ಹಾಗಾದರೆ ಸಾಬೀತು ಮಾಡುವುದು ಹೇಗೆ? ವೈದ್ಯರ ಎದುರೇ ಮೀಯಿಸಬೇಕು. ಅಪಾಯವಾಗದಂತೆ ನೋಡಿಕೊಳ್ಳುವುದಾಗಿ ಡಾ. ಸುಮಿತ್ರಾ ಹೇಳಿ, ಚಿಕ್ಕೇಗೌಡರಿಗೆ ಎಲ್ಲವನ್ನೂ ವಿವರಿಸಿದರು. ಅವರು ಸಾಕಮ್ಮನ ಮುಖ ನೋಡಿದರು, ಆಮೇಲೆ ನನ್ನ ಕಡೆ ತಿರುಗಿದರು. "ಮಾಡ್ಸಿ ಅಮ್ಮಾವ್ರೆ. ಕೆಲ್ಸ ಓದ್ರೆ ಓಗ್ಲಿ. ನಾನು ಏನು ಅಂತ ನಂಗಾದ್ರೂ ಗೊತ್ತಾಗ್ಲಿ."

ನನ್ನ ವೃತ್ತಿಯಲ್ಲಿ ಎಂತೆಂಥ ಕಡೆಯೋ ವಿಚಾರಣೆ ನಡೆಸಿದ್ದೇನೆ. ಆಸ್ಪತ್ರೆಯ ಬಚ್ಚಲ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕುಳಿತದ್ದು ಅದೊಂದೇ ಸಲ. ಒಳಗೆ ದೊಗಳೆ ಚಡ್ಡಿ ತೊಟ್ಟು ಮಣೆಯ ಮೇಲೆ ಕುಳಿತ ಚಿಕ್ಕೇಗೌಡರು. ಪಕ್ಕದಲ್ಲಿ ಬಕೆಟ್ಟಿಗೆ ಥರ್ಮಾಮೀಟರ್ ಇಟ್ಟುಕೊಂಡು ಡಾ. ಸುಮಿತ್ರಾ. ಹಿಂದೆ ಒಬ್ಬ ಸಹಾಯಕ ವಿಡಿಯೋ ಕ್ಯಾಮೆರಾ ಹಿಡಿದಿದ್ದ. ಬಾಗಿಲಲ್ಲಿ ನಾನು, ರಾವ್, ರಾಜಶೇಖರಯ್ಯ. "ಮದ್ವೇಲಿ ನೀರುಯ್ಯೋ ಶಾಸ್ತ್ರಕ್ಕೂ ಇಷ್ಟು ಜನ ಇರ್ಲಿಲ್ಲ" ಎಂದು ಚಿಕ್ಕೇಗೌಡರೇ ಮೆಲ್ಲಗೆ ಅಂದಾಗ ಎಲ್ಲರೂ ನಕ್ಕೆವು. ಅವರು ನಗುವುದನ್ನು ನಾನು ಕಂಡದ್ದು ಅದೇ ಮೊದಲು.

ಅವರು ನೀರು ಹುಯ್ದುಕೊಳ್ಳತೊಡಗಿದರು. ಮೊದಲು ಕಣ್ಣು ಮುಚ್ಚಿ, ಹಾಯೆನಿಸಿದವರಂತೆ. ಆಮೇಲೆ ಕೈ ಚುರುಕಾಯಿತು. ಒಂದು ಚೊಂಬು ಇಳಿಯುವ ಮೊದಲೇ ಇನ್ನೊಂದು. "ಚಿಕ್ಕೇಗೌಡ್ರೇ, ನಿಮ್ಮ ಊರು ಯಾವುದು?" ಎಂದು ಡಾಕ್ಟರು ಕೇಳಿದರು. ಉತ್ತರವಿಲ್ಲ. ಕಣ್ಣು ತೆರೆದಿತ್ತು, ತುಟಿ ಮಿಡುಕುತ್ತಿತ್ತು, ಕೈ ಬಕೆಟ್ಟಿಗೂ ತಲೆಗೂ ಓಡಾಡುತ್ತಲೇ ಇತ್ತು. ನನ್ನ ಪಕ್ಕದಿಂದ ರಾಜಶೇಖರಯ್ಯ ಎದ್ದರು. ಯಾರೂ ಹೇಳದೆ ಒಳಗೆ ಹೋಗಿ, ಅವತ್ತಿನಂತೆಯೇ, "ಸಾಕು ಬಾರಯ್ಯ" ಎಂದು ಮುಂಗೈ ಹಿಡಿದರು. ಚೊಂಬು ಬೀಸಿ ಬಂತು. ಈ ಸಲ ಅವರು ತಲೆ ತಗ್ಗಿಸಿದ್ದರು. ಏಟು ಗಾಳಿಗೆ ಬಿತ್ತು.

"ಅದೇ ಕಣ್ಣು ಮೇಡಂ, ಅದೇ ಕಣ್ಣು!" ಎಂದು ಅವರು ಕೂಗಿದ ಕೂಗು ನನಗೆ ಇನ್ನೂ ಕೇಳಿಸುತ್ತದೆ. ಹುಬ್ಬಿಗೆ ಹೊಲಿಗೆ ಹಾಕಿಸಿಕೊಂಡ ಮನುಷ್ಯನ ದನಿಯಲ್ಲಿ ಅಷ್ಟು ಸಂತೋಷವಿರಬಹುದೆಂದು ನಾನು ಎಣಿಸಿರಲಿಲ್ಲ. ಕೂಡಲೇ ಒದ್ದೆ ತಲೆ ಒರೆಸಿ ತೆಗೆದ ಇ.ಇ.ಜಿ.ಯಲ್ಲಿ ಅಲೆಗಳು ಅಡ್ಡಾದಿಡ್ಡಿಯಾಗಿದ್ದವು. ಎಚ್ಚರವಾದ ಮೇಲೆ ಚಿಕ್ಕೇಗೌಡರು ಕೇಳಿದ ಮೊದಲ ಪ್ರಶ್ನೆ, "ಫೋರ್‌ಮನ್ನವ್ರಿಗೆ ಏನೂ ಆಗ್ಲಿಲ್ವಾ?"

ಗೆದ್ದೆವೆಂದುಕೊಂಡಿದ್ದೆ. ಸುಧೀಂದ್ರ ರಾವ್ ಅಷ್ಟು ಸುಲಭಕ್ಕೆ ಬಿಡುವವರಲ್ಲ. ಮುಂದಿನ ಸಿಟ್ಟಿಂಗ್‌ನಲ್ಲಿ ಅವರು ಡಾಕ್ಟರ ಮಾತನ್ನು ಅಲ್ಲಗಳೆಯಲಿಲ್ಲ. ಅದರ ಮೇಲೆಯೇ ನಿಂತು ಚಿಕ್ಕೇಗೌಡರನ್ನು ಪ್ರಶ್ನಿಸಿದರು.

"ಬಿಸಿನೀರು ಸುರ್ಕೊಂಡ್ರೆ ನಿಮಗೆ ಸುಖ ಅನ್ಸುತ್ತೆ, ಅಲ್ವಾ?"

"ಅನ್ಸ್ತದೆ ಸಾರ್. ಇನ್ನೊಂದು ಚೊಂಬು ಉಯ್ಕೊ, ಇನ್ನೊಂದು ಉಯ್ಕೊ ಅಂತದೆ."

"ಬೇಡ ಅಂತ ನಿಲ್ಲಿಸೋಕೆ ಆಗಲ್ವಾ?"

 ಸುಳ್ಳು ಹೇಳಲು ಯೋಚಿಸುವವರು ನೆಲ ನೋಡುತ್ತಾರೆ; ಚಿಕ್ಕೇಗೌಡರು ತಮ್ಮ ಕೈ ನೋಡಿಕೊಂಡರು. "ಮೊದುಲ್ನೇ ಚೊಂಬು ನಾನೇ ಸಾರ್. ಎರಡ್ನೇದೂ ನಾನೇ. ಆಮ್ಯಾಕಿಂದು ಯಾರು ಉಯ್ದ್ರೋ ನಂಗೊತ್ತಿಲ್ಲ."

"ಬರ್ಕೊಳ್ಳಿ ಮೇಡಂ" ಎಂದರು ರಾವ್. "ಮೊದಲನೆಯ ಚೊಂಬು ಅವರದ್ದೇ. ಕುಡಿದು ಲಾರಿ ಓಡಿಸಿದೋನು ಗುದ್ದೋ ಹೊತ್ತಿಗೆ ನಂಗೆ ಪ್ರಜ್ಞೆ ಇರ್ಲಿಲ್ಲ ಅಂದ್ರೆ ಬಿಡ್ತೀವಾ? ಗ್ಲಾಸು ಎತ್ತೋ ಹೊತ್ತಿಗೆ ಇತ್ತಲ್ಲ? ಹೊಡೆದದ್ದು ಮಿದುಳು ಅಂತಲೇ ಇಟ್ಕೊಳ್ಳೋಣ. ಸುಖಕ್ಕೆ ಸುರ್ಕೊಂಡಿದ್ದು ಮನುಷ್ಯನೇ."

ಸಾಧಾರಣ ವಾದವಲ್ಲ ಅದು. ಇಲ್ಲಿಯ ತನಕ ನಾವೆಲ್ಲ ಏಟಿನ ಹಿಂದೆ ಬಿದ್ದಿದ್ದೆವು. ರಾವ್ ಏಟನ್ನು ಬಿಟ್ಟು ಅದಕ್ಕಿಂತ ಹಿಂದಕ್ಕೆ ಹೋಗಿದ್ದರು. ಎಲ್ಲಿ ಕೈ ಇನ್ನೂ ತನ್ನದೇ ಆಗಿತ್ತೋ ಅಲ್ಲಿ ಹೊಣೆ ಹುಡುಕುವುದು ಸರಿಯಾದ ದಾರಿಯೇ. ಹಾಗಾದರೆ ಆ ದಾರಿಯಲ್ಲಿ ಅರ್ಧಕ್ಕೆ ನಿಲ್ಲಬಾರದು, ಇನ್ನೂ ಹಿಂದಕ್ಕೆ ಹೋಗಿ ನೋಡಬೇಕು ಎನಿಸಿತು. ಅವರದೇ ಸಾಕ್ಷಿ ರಾಜಶೇಖರಯ್ಯನವರನ್ನು ಮತ್ತೆ ಕರೆಸಿದೆ.

"ಆ ದಿನ ಚಿಕ್ಕೇಗೌಡರು ಎಷ್ಟು ಸಲ ಮಿಂದರು?"

"ಎರಡು ಸಲ ಮೇಡಂ."

"ಎರಡನೆಯ ಸಲ ಯಾಕೆ?"

ಅವರ ಕೈ ತಾನಾಗಿ ಜೇಬಿನ ಬಿಳಿ ಬಟ್ಟೆಗೆ ಹೋಯಿತು. "ಕಿವಿ ಹಿಂದೆ ಕಪ್ಪಿತ್ತು. ನಾನೇ ವಾಪಸ್ ಕಳಿಸಿದೆ."

"ಅವರು ಏನೂ ಹೇಳಲಿಲ್ವಾ?"

 ಹೇಳದೆ ಇದ್ದುಬಿಡಬಹುದಿತ್ತು, ಚಿಕ್ಕೇಗೌಡರಿಗಂತೂ ಆ ದಿನ ಬಚ್ಚಲ ಬಾಗಿಲಲ್ಲಿ ಆಡಿದ್ದೂ ನೆನಪಿರಲಿಲ್ಲ, ಬೇರೆ ಯಾರೂ ಕೇಳಿಸಿಕೊಂಡಿರಲಿಲ್ಲ. ರಾಜಶೇಖರಯ್ಯ ನೆಟ್ಟಗೆ ಕುಳಿತು ಹೇಳಿದರು. "'ಸಾಕು ಬುಡಿ ಅಣ್ಣೋ, ಬಿಸಿನೀರಿಗೆ ತಲೆ ಒಂಥರಾ ಆಯ್ತದೆ' ಅಂದ. ರಜಾ ಕೊಡಲಿಲ್ಲ ಅಂತ ಮೊಂಡಾಟ ಮಾಡ್ತಿದಾನೆ ಅಂದ್ಕೊಂಡೆ. ಭುಜ ಹಿಡಿದು ಒಳಕ್ಕೆ ತಳ್ಳಿದೆ." ಆಮೇಲೆ ರಾವ್ ಕಡೆ ತಿರುಗಿ, "ಸಾರ್, ನಿಮ್ಮ ಲೆಕ್ಕದಲ್ಲಿ ಮೊದಲನೆಯ ಚೊಂಬು ಅವನದಲ್ಲ. ನಂದು" ಎಂದರು.

ಸ್ವಂತ ಗಾಯದ ವಿರುದ್ಧವೇ ಸಾಕ್ಷಿ ನುಡಿದ ಮನುಷ್ಯನನ್ನು ನಾನು ಅದಕ್ಕೆ ಮೊದಲು ಕಾಣುವುದಿರಲಿ, ಕೇಳಿಯೂ ಇರಲಿಲ್ಲ. ಎದ್ದು ನಮಸ್ಕಾರ ಮಾಡಬೇಕೆನಿಸಿತು. ಕುರ್ಚಿಯ ಮರ್ಯಾದೆಗೆ ಸುಮ್ಮನೆ ಕುಳಿತೆ.

ರಾವ್ ಕನ್ನಡಕ ತೆಗೆದು ಒರೆಸಿಕೊಂಡರು. "ಆಯ್ತು ಮೇಡಂ, ಹಿಂದಿನದು ಬಿಟ್ಟೆ. ಅವರಿಗೆ ಗೊತ್ತಿರಲಿಲ್ಲ, ಗೊತ್ತಿದ್ದಷ್ಟು ಹೇಳಿದರು, ನಾವು ಕೇಳಲಿಲ್ಲ. ಆದರೆ ಮುಂದೆ? ಆ ಸುಖದ ಆಸೆ ಡಾಕ್ಟರು ಕೊಡೋ ಮಾತ್ರೆಗೆ ಹೋಗುತ್ತಾ? ನಾಳೆ ಇನ್ನೊಬ್ಬರ ಹುಬ್ಬು ಒಡೆದರೆ?"

ನಾನು ಬಾಯಿ ತೆರೆಯುವುದರೊಳಗೆ ಚಿಕ್ಕೇಗೌಡರೇ ಉತ್ತರ ಕೊಟ್ಟರು. "ಇನ್ಮ್ಯಾಕೆ ಗೊತ್ತದಲ್ಲ ಸಾರ್. ಇನ್ಮ್ಯಾಕೆ ಉಯ್ಕೊಂಡ್ರೆ ಅದು ನಂದೇ ತೆಪ್ಪು. ಆಗ ತೆಗ್ದಾಕಿ, ಕೇಳಾಕಿಲ್ಲ."

ಹೇಳುವುದು ಸುಲಭ ಎಂದು ರಾವ್ ಮುಖ ಹೇಳುತ್ತಿತ್ತು. ಅದೂ ನಿಜವೇ. ಡಾ. ಸುಮಿತ್ರಾ ಕೂಡ ನನಗೆ ಎಚ್ಚರಿಸಿದ್ದರು: ಮಾತ್ರೆ ತಿಂದೂ, ನೀರಿನ ಬಿಸಿ ಇಳಿಸಿದರೂ, ಕೆಲವರಿಗೆ ಆ ಸೆಳೆತ ಉಳಿದುಬಿಡುತ್ತದೆ, ಕಳ್ಳತನದಲ್ಲಿ ಹುಯ್ದುಕೊಳ್ಳುವವರೂ ಇದ್ದಾರೆ. ಕೆಲವು ವಾರ ಚಿಕಿತ್ಸೆ ನಡೆದ ಮೇಲೆ ಇನ್ನೊಂದು ಪರೀಕ್ಷೆ ಮಾಡೋಣ ಎಂದು ಅವರೇ ಸೂಚಿಸಿದರು. ವರದಿಯನ್ನು ಅಲ್ಲಿಯ ತನಕ ತಡೆದೆ. ಮನೆಯಲ್ಲಿ ಸಾಕಮ್ಮ ಹಂಡೆಯ ಒಲೆಯ ಉರಿಯನ್ನೇ ಕಡಿಮೆ ಮಾಡಿದ್ದರು. "ಪಿರೂತಿಯಿಂದ ಕೊಲ್ತಿದ್ನಲ್ಲವ್ವ" ಎಂದು ಅವರು ಒಂದು ದಿನ ಅತ್ತಾಗ, ಪ್ರೀತಿಗೆ ಥರ್ಮಾಮೀಟರ್ ಇರಲಿಲ್ಲ ಅಷ್ಟೇ ಎಂದು ಸಮಾಧಾನ ಹೇಳಿದ್ದೆ.

ಮತ್ತೆ ಅದೇ ಬಚ್ಚಲು, ಅದೇ ಕುರ್ಚಿಗಳು. ಈ ಸಲ ಸಾಕಮ್ಮನೂ ಇದ್ದರು. ಚಿಕ್ಕೇಗೌಡರ ಎಡಕ್ಕೆ ಉಗುರುಬೆಚ್ಚಗಿನ ನೀರು, ಬಲಕ್ಕೆ ಹಬೆಯಾಡುವ ನೀರು. "ಬಿಸಿ ಬಕೆಟ್ ತೆಗೆದಿಡಲ್ಲ. ಮನೇಲೂ ಯಾರೂ ತೆಗೆದಿಡಲ್ಲ" ಎಂದು ಹೇಳಿ ಡಾಕ್ಟರು ಬಾಗಿಲ ಹತ್ತಿರ ಬಂದು ನಿಂತರು.

ಚಿಕ್ಕೇಗೌಡರು ಬೆಚ್ಚಗಿನ ನೀರು ಹುಯ್ದುಕೊಂಡರು. ಮತ್ತೊಂದು ಚೊಂಬು. ಏನೂ ಆಗಲಿಲ್ಲ. ಆಮೇಲೆ ಕೈ ಬಲಕ್ಕೆ ಸರಿಯಿತು. ಚೊಂಬು ಬಿಸಿನೀರಿನಲ್ಲಿ ಮುಳುಗಿ, ತುಂಬಿ, ಮೇಲೆದ್ದಿತು.  ಸಾಕಮ್ಮ ನನ್ನ ತೋಳು ಹಿಡಿದುಕೊಂಡದ್ದು ಆಮೇಲೆ ಗೊತ್ತಾಯಿತು. ಉಗುರಿನ ಗುರುತು ಉಳಿದಿತ್ತು. ಚೊಂಬು ಎದೆಯ ಮಟ್ಟಕ್ಕೆ ಬಂತು, ಕಿವಿಯ ಮಟ್ಟಕ್ಕೆ ಬಂತು. ಅಲ್ಲಿ ನಿಂತಿತು.  ಅವರು ಚೊಂಬು ಹಿಡಿದ ಕೈಯನ್ನೇ ದಿಟ್ಟಿಸಿ ನೋಡಿದರು, ಕಣ್ಣಿನಲ್ಲಿ ಗುರುತಿತ್ತು, ಇಡೀ ಮನುಷ್ಯ ಆ ಕಣ್ಣಿನಲ್ಲಿದ್ದ. ಆಮೇಲೆ ನೀರನ್ನು ನಿಧಾನಕ್ಕೆ ನೆಲಕ್ಕೆ ಚೆಲ್ಲಿ, ಚೊಂಬನ್ನು ಬೋರಲು ಹಾಕಿದರು.

"ಸಾಕು ಕಣ್ರಪ್ಪ" ಎಂದರು, ಎಲ್ಲರಿಗೂ ಕೇಳುವಂತೆ.

ಎನ್‌ಕ್ವೈರಿ ಆಫೀಸರ್ ಚಪ್ಪಾಳೆ ತಟ್ಟಬಾರದು. ನಾನು ತಟ್ಟಿದೆ. ತಿರುಗಿ ನೋಡಿದರೆ ಸುಧೀಂದ್ರ ರಾವ್ ನನಗಿಂತ ಜೋರಾಗಿ ತಟ್ಟುತ್ತಿದ್ದರು.

ವರದಿಯಲ್ಲಿ ನಾನು ಹೀಗೆ ಬರೆದೆ: ಏಟು ಬಿದ್ದದ್ದು ನಿಜ, ಅದು ಆಪಾದಿತರ ಇಚ್ಛೆಯ ಕೃತ್ಯವಲ್ಲ. ಬಿಸಿನೀರಿನ ಪರಿಣಾಮ ಅವರಿಗೆ ತಿಳಿದಿರಲಿಲ್ಲ, ತಿಳಿದಷ್ಟನ್ನು ಹೇಳಿ ಬೇಡವೆಂದಿದ್ದರು. ಆದ್ದರಿಂದ ದುರ್ನಡತೆಯ ಆಪಾದನೆ ರುಜುವಾತಾಗಿಲ್ಲ. ಫೋರ್‌ಮನ್ ನಿಯಮ ಪಾಲಿಸಿದರು, ಅವರಲ್ಲೂ ದುರುದ್ದೇಶವಿಲ್ಲ. ಇನ್ನು ಮುಂದೆ ತಮ್ಮ ತಲೆಗೆ ಬೀಳುವ ನೀರಿಗೆ ಆಪಾದಿತರು ಹೊಣೆಗಾರರು, ಬಚ್ಚಲಿಗೆ ಬರುವ ನೀರಿಗೆ ಆಡಳಿತ ಹೊಣೆ. ಆಡಳಿತ ಅದನ್ನು ಒಪ್ಪಿಕೊಂಡಿತು. ಸಸ್ಪೆನ್ಷನ್ ರದ್ದಾಯಿತು, ತೊಟ್ಟಿಗೆ ತಣ್ಣೀರಿನ ನಲ್ಲಿ ಬಂತು. ಮರಳಿ ಕೆಲಸಕ್ಕೆ ಹೋದ ಮೊದಲ ಸಂಜೆ ರಾಜಶೇಖರಯ್ಯ ಎಂದಿನಂತೆ ಚಿಕ್ಕೇಗೌಡರ ಕಿವಿಯ ಹಿಂದೆ ಬಟ್ಟೆಯಾಡಿಸಿದರಂತೆ. ಬಟ್ಟೆ ಕಪ್ಪಾಯಿತು. ಅದನ್ನು ಅವರ ಕೈಗೇ ಕೊಟ್ಟು, "ನೀನೇ ಒರೆಸ್ಕೊ, ನೀನೇ ಹೇಳು ಸಾಕೋ ಬೇಕೋ ಅಂತ" ಎಂದರಂತೆ. ಇದನ್ನು ನನಗೆ ಫೋನು ಮಾಡಿ ಹೇಳಿದವರು ರಾವ್. ಹೇಳುವಾಗ ಎರಡು ಸಲ ಮೂಗೇರಿಸಿದರು, ನೆಗಡಿ ಎಂದರು.

ಆಮೇಲೆ ನಾನು ಬಹಳ ವರ್ಷ ಈ ಕೆಲಸ ಮಾಡಿದೆ. ಮನುಷ್ಯ ಮಾಡಿದ್ದಕ್ಕೆಲ್ಲ ಮಿದುಳನ್ನೇ ಹೊಣೆ ಮಾಡುವ ವಕೀಲರನ್ನೂ ಕಂಡೆ, ಮಿದುಳಿನ ಕಾಯಿಲೆಯನ್ನು ಕೊಬ್ಬು ಎನ್ನುವ ಮ್ಯಾನೇಜರುಗಳನ್ನೂ ಕಂಡೆ. ಇಬ್ಬರಿಗೂ ನಾನು ಕೇಳುತ್ತಿದ್ದದ್ದು ಒಂದೇ: ಕೈ ಯಾವ ಚೊಂಬಿನ ತನಕ ಅವನದಾಗಿತ್ತು? ಅದನ್ನು ಹುಡುಕಿ. ತಿಳಿಯುವ ಮುಂಚಿನ ಚೊಂಬಿಗೆ ದಂಡಿಸಬೇಡಿ, ತಿಳಿದ ಮೇಲಿನದನ್ನು ಮನ್ನಿಸಬೇಡಿ. ಹೊಣೆ ಹೊರಿಸುವುದೆಂದರೆ ಶಿಕ್ಷೆ ಎಂದೇ ನಾನು ಅಲ್ಲಿಯ ತನಕ ತಿಳಿದಿದ್ದೆ. ಅದು ಒಬ್ಬ ಮನುಷ್ಯನಿಗೆ ಅವನನ್ನೇ ಹಿಂತಿರುಗಿಸುವ ಮರ್ಯಾದೆಯೂ ಆಗಬಹುದೆಂದು ಆ ಬಚ್ಚಲ ಬಾಗಿಲು ಕಲಿಸಿತು.

ಆ ಯುಗಾದಿಯ ದಿನ ಬೆಳಿಗ್ಗೆ ನಮ್ಮ ಗೇಟಿನ ಸದ್ದಾಯಿತು. ಚಿಕ್ಕೇಗೌಡರು, ಸಾಕಮ್ಮ. ಎಲ್ಲರದೂ ಹೊಸಬಟ್ಟೆ. ಮಗಳು ಅಪ್ಪನ ತೋಳಿನ ಮೇಲೆ ಕುಳಿತು ಅವರ ಕಿವಿ ಹಿಡಿದು ಎಳೆಯುತ್ತಿದ್ದಳು. ಮಗುವಿನ ಕೂದಲು ಇನ್ನೂ ಹಸಿ ಇತ್ತು, ಸೀಗೆಕಾಯಿಯ ವಾಸನೆ ಬರುತ್ತಿತ್ತು.

"ಎಣ್ಣೆನೀರಾಯ್ತಾ?" ಎಂದು ಕೇಳಿದೆ.

"ಆಯ್ತು ಅಮ್ಮಾವ್ರೆ. ನಾನೇ ಮೀಸ್ದೆ ಮಗೀನ. ಮೊಣಕೈ ಅದ್ದಿ ನೀರು ನೋಡ್ಕಂಡು, ಆಮ್ಯಾಕೆ ಉಯ್ದೆ." ಅವರ ಮುಖ ಬೆಳಗುತ್ತಿತ್ತು.

ಬೇವು ಬೆಲ್ಲ ತಂದು ಕೊಟ್ಟೆ. ಮೊದಲ ದಿನ ಅವರು ತಮ್ಮ ಕೈಯ ಬಗ್ಗೆ ಕೇಳಿದ್ದ ಪ್ರಶ್ನೆ ನನಗೆ ಮರೆತಿರಲಿಲ್ಲ. ಉತ್ತರವನ್ನೂ ಸಿದ್ಧಮಾಡಿಟ್ಟುಕೊಂಡಿದ್ದೆ, ಸಾಕಷ್ಟು ಉದ್ದವಾಗಿಯೇ. "ಅವತ್ತು ಬಾಗಿಲಲ್ಲಿ ನಿಂತು ನನ್ನನ್ನ ಒಂದು ಕೇಳಿದ್ರಲ್ಲ" ಎಂದು ಶುರುಮಾಡಿದೆ.

ಅವರು ಮಗಳನ್ನು ಇನ್ನೊಂದು ತೋಳಿಗೆ ಬದಲಾಯಿಸಿಕೊಂಡು, ಬಿಡುವಾದ ಬಲಗೈಯನ್ನು ಬೇವು ಬೆಲ್ಲಕ್ಕೆ ಚಾಚಿದರು.

"ಆ ಕೈ ನಂದಲ್ಲ ಬುಡಿ ಅಮ್ಮಾವ್ರೆ" ಎಂದರು. "ಇದು ನಂದು."